ಬಾಗಿಲಲ್ಲಿ ಅಮ್ಮಿಯ ಕೈ

ಆಗೆಲ್ಲ ಬೇಸಿಗೆ ರಜೆಯೆಂದರೆ ಓಣಿಯ ಮಕ್ಕಳಿಗೆ ಗದ್ದಲವೋ ಗದ್ದಲ. ವಿನೋಬನಗರದ ನಮ್ಮ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಮನೆಯ ಮುಂಭಾಗವೇ ಅಬ್ಬಾನ ವರ್ಕ್‌ಶಾಪ್. ತಗಡು ಕತ್ತರಿಸುವ ಉಕ್ಕಿನ ಅಚ್ಚುಗಳನ್ನು, ಅಂದರೆ ಡೈಗಳನ್ನು, ಬೆಂಗಳೂರಿನ ದೊಡ್ಡ ಕುಲುಮೆಗಳಿಗೆ ಕಳಿಸಲಾಗದ ಸಣ್ಣ ಕಾರ್ಖಾನೆಯವರು ಇಲ್ಲಿಗೆ ತರುತ್ತಿದ್ದರು. ಅಬ್ಬಾ ಗ್ಯಾಸಿನ ಉರಿಯಲ್ಲಿ ಡೈಯ ಅಂಚನ್ನಷ್ಟೇ ಕಾಯಿಸಿ ಎಣ್ಣೆಗೆ ಅದ್ದುತ್ತಿದ್ದರು. ಮೇಲ್ಮೈ ಗಟ್ಟಿಯಾಗಬೇಕು, ಒಳಗೆ ಮೆತ್ತಗೇ ಉಳಿಯಬೇಕು.

ಅದ್ದಿದ ಮೇಲೆ ‘ಟಿಕ್’ ಎಂದರೆ ಉಕ್ಕು ಸೀಳಿತೆಂದು ಅರ್ಥ. ಅದಕ್ಕೇ ರೇಡಿಯೊ ಬಂದ್, ನಮ್ಮ ಕುಂಟಬಿಲ್ಲೆ ಬಂದ್. ಮಂಡಕ್ಕಿ ಒಗ್ಗರಣೆಯನ್ನು ಅರ್ಧಕ್ಕೇ ಇಳಿಸಿ ಅಮ್ಮಿ ಬಾಗಿಲಲ್ಲಿ ಕೈ ಎತ್ತಿ ನಿಲ್ಲುತ್ತಿದ್ದಳು. ನಮ್ಮನ್ನು ಸುಮ್ಮನಿರಿಸಲು ಅಂತ ನಾನು ತಿಳಿದಿದ್ದೆ. ಆ ಕೈ ಇಳಿಯುವವರೆಗೆ ನನಗೆ ಎಲ್ಲಿಲ್ಲದ ಸಿಟ್ಟು.

ಅವತ್ತು ಹರಿಹರದ ಬಸಣ್ಣ ಬಂದಿದ್ದರು. ಬೇರೆ ಕಡೆ ಕಾಯಿಸಿದ್ದ ಅವರ ಹಿಂದಿನ ಡೈ ತಗಡು ಒತ್ತುವ ಪ್ರೆಸ್ಸಿನಲ್ಲಿ ಸಿಡಿದು, ಅವರ ತಮ್ಮನ ಬೆರಳು ಹೋಗಿತ್ತು. ಈಗ ತಂದಿದ್ದ ಹೊಸ ಡೈ ಸರಿಯಾದರೆ ಹರಿಹರದ ಕೆಲಸವೆಲ್ಲ ನಮಗೇ. ಅಬ್ಬಾ ಬೆಳಗಿನಿಂದ ಚಹಾ ಸಹ ಮುಟ್ಟಿರಲಿಲ್ಲ.

ಕಾದ ಉಕ್ಕಿನ ಬಣ್ಣ ಕಾಣಲೆಂದು ಕಿಟಕಿಗೆ ಗೋಣಿಚೀಲ ಇಳಿಬಿಟ್ಟರು. ಅಂಚು ದಾಳಿಂಬೆ ಕಾಳಿನ ಬಣ್ಣದಿಂದ ಟೊಮೆಟೊ ಬಣ್ಣಕ್ಕೆ ತಿರುಗಿತು. ಚುಂಯ್! ಎಣ್ಣೆಯ ಹೊಗೆ ಗಂಟಲು ಹಿಡಿಯಿತು.

ಟಿಕ್.

ತೀರಾ ಸಣ್ಣಗೆ. ನನಗೆ ಕೇಳಿಸಿತು. ಬಸಣ್ಣ ಆಗಲೇ ಎದ್ದಿದ್ದರು. “ಏನೂ ಆಗ್ಲಿಲ್ಲ ಬಿಡ್ರಿ ಭಾಯಿ, ಕಟ್ಟಿ ಕೊಡ್ರಿ. ನಾಳೆ ಮಾಲು ಹೋಗೋದೈತೆ.”

ಅಬ್ಬಾನ ಮುಖವೂ ಅರಳಿತ್ತು. ಆದರೆ ಅವರು ನೋಡುತ್ತಿದ್ದುದು ಡೈಯನ್ನಲ್ಲ, ಅಮ್ಮಿಯ ಕೈಯನ್ನು. ಆಗ ನನಗೆ ಹೊಳೆಯಿತು: ಅಷ್ಟು ವರ್ಷ ಸುತ್ತಿಗೆ ಬಡಿದ ಅಬ್ಬಾಗೆ ಆ ಸಣ್ಣ ಸದ್ದು ಕೇಳುತ್ತಲೇ ಇರಲಿಲ್ಲ. ಕೈ ಇಳಿಸಿಬಿಡು ಅಮ್ಮಿ ಎಂದು ಒಳಗೊಳಗೇ ಬೇಡಿಕೊಂಡೆ. ಅದು ಇಳಿಯಲಿಲ್ಲ, ಮೆಲ್ಲಗೆ ಮುಷ್ಟಿಯಾಯಿತು.

“ಸೀಳೈತೆ ಬಸಣ್ಣಾರೆ. ಒಯ್ಬ್ಯಾಡ್ರಿ,” ಎಂದರು ಅಬ್ಬಾ.

“ಎಲ್ಲೈತ್ರೀ? ಕಾಣಾಕಿಲ್ಲಲ್ಲ!”

ಅಬ್ಬಾ ಸೀಮೆಎಣ್ಣೆ ಹಚ್ಚಿ ಒರೆಸಿ, ಸೀಮೆಸುಣ್ಣ ಬಳಿದರು. ಸೀಳಿನೊಳಗೆ ಇಳಿದಿದ್ದ ಎಣ್ಣೆ ಜಿನುಗಿ, ಬಿಳುಪಿನ ಮೇಲೆ ಕೂದಲೆಳೆಯಂಥ ಗೆರೆ ಮೂಡಿತು. ಬಸಣ್ಣ ಅದನ್ನೇ ನೋಡುತ್ತ ಕುಳಿತುಬಿಟ್ಟರು. “ಮಾಲು ತಡ ಆದ್ರೆ ಆಗ್ಲಿ. ಇನ್ನೊಂದು ಡೈ ತರ್ತೀನಿ, ನೀವೇ ಕಾಸ್ರಿ,” ಎಂದರು.

ಈಗ ಅದೇ ಜಾಗದಲ್ಲಿ ನನ್ನ ತಮ್ಮ ಕರೆಂಟಿನಿಂದ ಕಾಯಿಸುವ ಸಣ್ಣ ಯಂತ್ರ ಇಟ್ಟಿದ್ದಾನೆ. ಬಿಸಿ ಎಷ್ಟೆಂದು ಅಂಕಿಯೇ ಹೇಳುತ್ತದೆ; ಡೈ ಸೀಳುವುದು ಅಪರೂಪ. ಹಾಡು ಜೋರಾಗಿ ಹಚ್ಚಿರುತ್ತಾನೆ, ಯಾರೂ ಸುಮ್ಮನಿರಬೇಕಿಲ್ಲ. ಅಮ್ಮಿ ತೀರಿಕೊಂಡಿದ್ದಾಳೆ. ಮೂಲೆಯ ಸ್ಟೂಲಿನಲ್ಲಿ ಕೂರುವ ಅಬ್ಬಾ ಮಾತ್ರ, ಡೈ ಎಣ್ಣೆಗೆ ಇಳಿದಾಗಲೆಲ್ಲ, ಇವತ್ತಿಗೂ ಬಾಗಿಲ ಕಡೆ ತಿರುಗುತ್ತಾರೆ.