ಮೂರು ಚಕ್ರದ ದೋಣಿ

ಜಗಲಿಯಿಂದ ಹೊಸ ಸೈಕಲ್ಲಿಗೆ ಜಾರಿ ಕೂರಲು ಹೊರಟ ಅಣ್ಣನನ್ನು ಅಮ್ಮ ತಡೆದರು. ಕೈಯಲ್ಲಿ ಪೆಡಲ್ ತಿರುಗಿಸಿ ಓಡಿಸುವ ಆ ಮೂರು ಚಕ್ರದ ಸೈಕಲನ್ನು ಪೇಟೆಯ ಬಲ್ಮಠ ಕಡೆಯ ಹಿರಿಯರೊಬ್ಬರು ದಾನವಾಗಿ ಆಗಷ್ಟೇ ಪಣಂಬೂರಿನ ನಮ್ಮ ಅಂಗಳದಲ್ಲಿ ಇಳಿಸಿದ್ದರು. ಏನು ತಪ್ಪಾಯಿತೋ ಎಂದು ಆ ಹಿರಿಯರ ಮುಖ ಸಣ್ಣದಾಯಿತು.

“ಹೊಸ ದೋಣಿಯನ್ನು ಪೂಜೆ ಮಾಡದೆ ಕಡಲಿಗೆ ಇಳಿಸ್ಲಿಕ್ಕೆ ಉಂಟಾ? ಸ್ವಲ್ಪ ನಿಲ್ಲಿ ಸ್ವಾಮಿ,” ಎಂದರು ಅಮ್ಮ.

ಎಂಬತ್ತರ ದಶಕದ ಮಾತು. ದೋಣಿಯಡಿ ಸಿಕ್ಕಿ ಕಾಲಿನ ಬಲ ಹೋದ ಮೇಲೆ ಅಣ್ಣ ಅಂಗಳ ದಾಟಿರಲಿಲ್ಲ. ಜತೆಗೆ ಮೀನು ಹಿಡಿಯುತ್ತಿದ್ದವರು ಹೊತ್ತುಕೊಂಡು ಹೋಗಲು ಬಂದರೆ, “ಹೊರ್ಲಿಕ್ಕೆ ನಾನೆಂತ ಮೀನಿನ ಬುಟ್ಟಿಯಾ ಮಾರಾಯ?” ಎಂದು ರೇಗುತ್ತಿದ್ದ.

ಅಮ್ಮ ಹ್ಯಾಂಡಲಿಗೆ ಅರಸಿನ ಕುಂಕುಮ ಹಚ್ಚಿ, ಮಲ್ಲಿಗೆ ಸುತ್ತಿ, ಮುಂದಿನ ಚಕ್ರದೆದುರು ತೆಂಗಿನಕಾಯಿ ಒಡೆದರು. ಅಣ್ಣ ಹತ್ತಿ ಕೂತ. ಅದೇ ಜತೆಗಾರರು ಲುಂಗಿ ಎತ್ತಿ ಕಟ್ಟಿ, ಎರಡೂ ಬದಿಗೆ ಕೈಯಿಟ್ಟು, ದೋಣಿ ನೂಕುವಾಗ ಹಾಕುವ ಕೂಗನ್ನೇ ಹಾಕುತ್ತ ಚಕ್ರ ಹೂಳುವ ಹೊಯ್ಗೆಯಲ್ಲಿ ಸೈಕಲನ್ನು ನೂಕಿದರು. ಡಾಮರು ರಸ್ತೆ ಸಿಕ್ಕಿದ್ದೇ, ದೋಣಿ ನೀರಲ್ಲಿ ತೇಲಿದಾಗ ಮಾಡುವಂತೆ, ಎಲ್ಲರೂ ಒಮ್ಮೆಲೇ ಕೈ ತೆಗೆದರು. ಅಣ್ಣ ತಾನೇ ಪೆಡಲ್ ತಿರುಗಿಸುತ್ತ, ಹಿಂದೆ ನೋಡದೆ ಹೊರಟೇ ಹೋದ. ಬಲ್ಮಠದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಅವರು ಯಾರ ಮನೆಗೆ ಸೈಕಲ್ ಕೊಡಲು ಹೋದರೂ ಜತೆಗೊಂದು ತೆಂಗಿನಕಾಯಿ ಒಯ್ಯುತ್ತಿದ್ದರಂತೆ. ಅದು ನಮ್ಮ ಅಮ್ಮನಿಂದ ಕಲಿತದ್ದು ಎಂದು ನಾನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.