ಬೆರಳಿನ ಬುಡದ ಹಲ್ಲು

ಕಳೆದ ವಾರ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯಲ್ಲಿ ರಕ್ತ ತಪಾಸಣೆಯ ಶಿಬಿರವಿತ್ತು. ನರ್ಸ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದರು. ಆ ತಣ್ಣನೆಯ, ಮೂಗಿಗೆ ಚುರುಕೆನ್ನುವ ವಾಸನೆ... ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ನಾನಾಗಲೇ ಪೀಣ್ಯದ ಬಳಿಯ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿದ್ದೆ. ಎದುರಿಗೆ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗಳು, ಅವುಗಳ ಹಿಂದೆ ನಮ್ಮ ಮೇಡಂ.

ಎಂ.ಎಸ್ಸಿ.ಯಲ್ಲಿ ಅವರು ನನ್ನ ಪ್ರಾಜೆಕ್ಟಿನ ಮಾರ್ಗದರ್ಶಕಿ. ಮಳೆನೀರು ನಿಂತ ಹೊಂಡಗಳಲ್ಲಿ ಕೆಲವೇ ವಾರ ಬದುಕುವ, ಫೇರಿ ಶ್ರಿಂಪ್ ಎಂಬ ಸಿಹಿನೀರಿನ ಸಿಗಡಿ ಅವರ ವಿಷಯ. ಬೆನ್ನು ಕೆಳಗೆ ಮಾಡಿ, ಎಲೆಯಂಥ ಕಾಲುಗಳನ್ನು ಮೇಲಕ್ಕೆ ಬೀಸುತ್ತ ಈಜುವ ಪಾರದರ್ಶಕ ಜೀವಿ. ಸೂಕ್ಷ್ಮದರ್ಶಕದ ಮುಂದೆ ಯಾರೇ ಕೂತರೂ ಮೇಡಂ ಹೇಳುತ್ತಿದ್ದುದು ಒಂದೇ: "ಗಂಡೋ ಹೆಣ್ಣೋ ಮೊದ್ಲು ಹೇಳು. ಹೆಸರು ಆಮೇಲೆ." ಹೆಣ್ಣುಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಗಂಡಿನ ತಲೆಯಲ್ಲಿ ಮಾತ್ರ ಹೆಣ್ಣನ್ನು ಹಿಡಿಯಲೆಂದೇ ಬೆಳೆದ ಜೋಡಿ ಸ್ಪರ್ಶಾಂಗಗಳಿರುತ್ತವೆ. ತುದಿಯಲ್ಲಿ ಕತ್ತರಿಯಂತೆ ಎರಡು ಬೆರಳು. ಆ ಬೆರಳಿನ ಬಾಗು, ಅದರ ಬುಡದಲ್ಲಿರುವ ಹಲ್ಲು ನೋಡಿಯೇ ಪ್ರಭೇದ ಯಾವುದೆಂದು ಹೇಳಬೇಕು.

ಆ ಮಳೆಗಾಲ ಮಾಕಳಿಯ ಬಂಡೆಯೊಂದರ ಹೊಂಡದಲ್ಲಿ ಬಲೆ ಹಾಕಿದ್ದೆವು. ಪಕ್ಕದ ಜಮೀನನ್ನು ಕಾರ್ಖಾನೆಗೆ ಬಾಡಿಗೆ ಕೊಟ್ಟಿದ್ದ ಊರಿನ ಗೌಡರು ಬಂದು ಬಗ್ಗಿ ನೋಡಿದರು.

"ಏನ್ ಮೇಡಮ್ಮೋರೆ, ಇದು ಒಂದೊತ್ತಿನ ಸಾರಿಗೂ ಆಗಾಕಿಲ್ವಲ್ಲ?"

"ತಿನ್ನೋಕಲ್ಲ ಗೌಡ್ರೆ, ನೋಡೋಕೆ."

"ನೋಡಾಕೇನೈತೆ ಇದ್ರಾಗೆ! ಇಂಗೆ ಕಣ್ಣರಳಿಸ್ಕಂಡು ನಿಂತ್ರೂ ಕಾಣಾಕಿಲ್ಲ."

ಲ್ಯಾಬಿಗೆ ತಂದು ಕೆಲವನ್ನು ಸ್ಪಿರಿಟ್ಟಿನಲ್ಲಿಟ್ಟು ನೋಡಿದೆವು. ಆ ಗಂಡುಗಳ ಬೆರಳಿನ ಬುಡದಲ್ಲಿ ಹಲ್ಲೇ ಇರಲಿಲ್ಲ. ಅಂಥದ್ದನ್ನು ಅದುವರೆಗೆ ಯಾರೂ ವರ್ಣಿಸಿರಲಿಲ್ಲ. ಮೇಡಂ ಆ ವರ್ಷ ನಿವೃತ್ತರಾಗುವವರಿದ್ದರು. ಇಡೀ ಜೀವಮಾನ ಹುಡುಕಿದ ಹೊಸ ಪ್ರಭೇದ ಕೊನೆಗೂ ಕೈಗೆ ಬಂದಂತಿತ್ತು. ವಿಭಾಗದ ಮುಖ್ಯಸ್ಥರು ಅವಸರಪಡಿಸಿದರು. "ಪೇಪರ್ ಬರೆದು ಜರ್ನಲ್ಲಿಗೆ ಕಳಿಸ್ಬಿಡಿ ಮೇಡಂ. ಇನ್ನೊಬ್ರು ಮುಂದಾದ್ರೆ ಕಷ್ಟ."

ಮೇಡಂ ಕಳಿಸಲಿಲ್ಲ. ಉಳಿದ ಸಿಗಡಿಗಳನ್ನು ಕಿಟಕಿಯ ಬಳಿ ಪ್ಲಾಸ್ಟಿಕ್ ಟಬ್ಬಿನಲ್ಲಿ, ಹೊಂಡದ ನೀರಲ್ಲೇ, ಚಿಟಿಕೆ ಯೀಸ್ಟ್ ಹಾಕಿ ಸಾಕಿದರು. ದಿನವೂ ಒಂದು ಗಂಡನ್ನು ಡ್ರಾಪರಿನಲ್ಲಿ ಎತ್ತಿ ನೋಡುವುದು, ಮತ್ತೆ ನೀರಿಗೆ ಬಿಡುವುದು. ಗಾತ್ರದಲ್ಲಿ ಅವು ಪೂರ್ತಿ ಬೆಳೆದಂತೆಯೇ ಇದ್ದವು. ಇನ್ನೇನು ಕಾಯುವುದಿದೆ ಎಂದು ನನಗೂ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕುರ್ಚಿ ಬಿಟ್ಟು ಎದ್ದರು. "ನೀನು ನೋಡು. ನಾನೇನೂ ಹೇಳಲ್ಲ."

ನೋಡಿದೆ. ಬೆರಳಿನ ಬುಡದಲ್ಲಿ ಸಣ್ಣದೊಂದು ಮೊನೆ ಎದ್ದಿತ್ತು. ಫೋಕಸ್ ತಿರುಗಿಸಿ ಮತ್ತೊಮ್ಮೆ ನೋಡಿದೆ. ಅವರು ಕಾದರು.

"ಹಲ್ಲಿದೆ, ಮೇಡಂ."

"ಇದೆ ಅಲ್ವಾ? ಮೀಸೆ ಬರದ ಹುಡುಗನ್ನ ನೋಡಿ ಬೇರೆ ಸ್ಪೀಷೀಸ್ ಅಂದ್ಕೊಂಡ್ವಲ್ಲೇ!" ಎಂದು ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

ಆಗಲೇ ಮುಖ್ಯಸ್ಥರ ಕೋಣೆಗೆ ಹೋಗಿ ವಿಷಯ ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಮೊದ್ಲೇ ಬರೆದು ಕಳಿಸಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು?" ಎಂದರು ಮುಖ್ಯಸ್ಥರು.

"ಸಿಗಡಿಗೆ ಗೊತ್ತಿತ್ತಲ್ಲ ಸಾರ್," ಎಂದರು ಮೇಡಂ.

ಹಿಂದಿರುಗಿ ಬಂದು ಸೀಸೆಗಳ ಚೀಟಿಯ ಮೇಲೆ ಪುಸ್ತಕಗಳಲ್ಲೆಲ್ಲ ಇರುವ ಹಳೆಯ ಹೆಸರನ್ನೇ ಪೆನ್ಸಿಲಿನಲ್ಲಿ ಬರೆದರು. ಅಕ್ಷರಗಳು ಎಂದಿನಂತೆ ದುಂಡಗಿದ್ದವು. ಅಷ್ಟು ದೊಡ್ಡ ಆಸೆಯನ್ನು ಅಷ್ಟು ಸಲೀಸಾಗಿ ಕೆಳಗಿಟ್ಟವರನ್ನು ನಾನು ಮತ್ತೆ ನೋಡಿಲ್ಲ. ಸಲೀಸಾಗಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಸಹಪಾಠಿಯೊಬ್ಬಳಿಂದ ತಿಳಿಯಿತು, ಎಲ್ಲ ಮುಗಿದ ಮೇಲೆ. ಹೊಸ ಜೀವಿಯನ್ನು ಕಂಡವರು ಅದಕ್ಕೆ ತಮ್ಮ ಗುರುಗಳ ಹೆಸರಿಡುವುದುಂಟು. ನಾನು ಸಿಗಡಿಗಳನ್ನು ಬಿಟ್ಟು, ಕಂಪ್ಯೂಟರಿನ ಮುಂದೆ ಕೂತು ಔಷಧಿಗಳ ವರದಿ ತಿದ್ದುವ ಕೆಲಸಕ್ಕೆ ಬಂದೆ. ಅವರ ಹೆಸರಿಡಲು ನನ್ನ ಬಳಿ ಯಾವ ಜೀವಿಯೂ ಇಲ್ಲ.