ನೆರಳು ಕೇಳುವ ಹಕ್ಕಿ

ವ್ಯಾನ್ ಅತ್ತೆಗೆ ಗಂಟಲೇ ಆಸ್ತಿ. ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸಿ, ಇಳಿಸಿ, ನಡುವೆ ಒಂದು ಇನ್ನೊಂದರ ತಲೆ ಒಡೆಯದಂತೆ ಕಾಯುವುದು ಅವಳ ಕೆಲಸ. ವ್ಯಾನ್ ಓಡಿಸುವವನು ಅವಳ ಸ್ವಂತ ತಮ್ಮ. ಇದಕ್ಕೆ ಮುಂಚೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಯಿತೆಂದು ಅಲ್ಲಿಂದ ಕಳಿಸಿದಾಗ ತಮ್ಮನೇ ಇಲ್ಲಿಗೆ ಕರೆತಂದ. ಒಂದು ಮಗುವನ್ನೂ ಹೆತ್ತವಳಲ್ಲ, ಆದರೂ ದಿನಕ್ಕೆರಡು ಸಲ ವ್ಯಾನ್ ತುಂಬ ಸಂಸಾರ.

ಮೊದಮೊದಲು ಬೈದು ನೋಡಿದಳು. ಮಕ್ಕಳು ನಕ್ಕವು. ಗದರಿಸಿದಳು, ಅದೇ ಧ್ವನಿಯಲ್ಲಿ ಅಣಕಿಸಿದವು. ಬೇರೆ ದಾರಿ ಕಾಣದೆ ಕಥೆ ಕಟ್ಟಿದಳು. ಮೋಡದ ಮೇಲೊಂದು ಊರು, ಅಲ್ಲಿ ಓಡಾಡಲು ಗಾಳಿಬಂಡಿ. ಬಂಡಿ ಓಡುವಾಗ ಯಾರೂ ಎದ್ದು ನಿಲ್ಲುವಂತಿಲ್ಲ. ನಿಂತರೆ ಕಪ್ಪು ಹಕ್ಕಿಯೊಂದು ಬಂದು ಅವರ ನೆರಳನ್ನು ಕಿತ್ತುಕೊಂಡು ಹೋಗುತ್ತದೆ. ನೆರಳು ಕಳಕೊಂಡವರನ್ನು ಮನೆಯವರು ಕೂಡ ಗುರುತು ಹಿಡಿಯುವುದಿಲ್ಲ. ಅಷ್ಟು ಹೇಳಿದ್ದೇ ತಡ, ಮಕ್ಕಳು ಸೀಟಿಗೆ ಅಂಟಿಕೊಂಡವು.

ಅತ್ತೆಗೆ ಅದು ಬರೀ ಶಿಸ್ತಿನ ಮಾತಾಗಿರಲಿಲ್ಲ. ವ್ಯಾನಿನ ಜಾರುಬಾಗಿಲಿನ ಲಾಕ್ ಕೆಟ್ಟಿತ್ತು. ಹಿಡಿಕೆಗೆ ನೈಲಾನ್ ಹಗ್ಗ ಬಿಗಿದು ಕಾಲ ತಳ್ಳುತ್ತಿದ್ದರು.

"ಲಾಕ್ ಹಾಕಿಸೋ ಮಾರಾಯ," ಎಂದು ಅವಳು ಗೋಗರೆದರೆ ತಮ್ಮನದು ಒಂದೇ ರಾಗ. "ನಾಳೆ ಹಾಕಿಸ್ತೀನಿ ಅಕ್ಕ. ಇಷ್ಟು ದಿನ ಏನಾದ್ರೂ ಆಯ್ತಾ?"

ಆಗಿರಲಿಲ್ಲ, ನಿಜ. ಶಾಲೆಗೆ ಹೇಳಿದರೆ ಅವನ ಕೆಲಸಕ್ಕೆ ಕುತ್ತು. ಹಾಗಾಗಿ ಅತ್ತೆ ಬಾಯಿಗೆ ಬೀಗ ಹಾಕಿಕೊಂಡು, ಕಥೆಯನ್ನು ಇನ್ನಷ್ಟು ಉದ್ದ ಎಳೆದಳು. ಬಾಗಿಲಿಗಿಲ್ಲದ ಲಾಕನ್ನು ಕಥೆಗೆ ಹಾಕಿದಳು ಅನ್ನಿ.

ಕಥೆಯಲ್ಲಿ ಒಬ್ಬಳು ಕಮ್ಮಾರನ ಮಗಳು, ಕಳೆದುಹೋದ ಅಮ್ಮನನ್ನು ಹುಡುಕಿ ಹೊರಟವಳು. ಒಂದು ಮಧ್ಯಾಹ್ನ ಅವಳಿಗೆ ಮೋಡದ ಸಂದಿಯಲ್ಲಿ ಕೆಳಗೆ ಅಮ್ಮ ಕಂಡಳು. ಕಂಡವಳೇ ಓಡುವ ಬಂಡಿಯಲ್ಲಿ ಎದ್ದು ನಿಂತುಬಿಟ್ಟಳು. ಹಕ್ಕಿ ಬರಬೇಕು, ನೆರಳು ಹೋಗಬೇಕು. ಅತ್ತೆ ಅದನ್ನೇ ಹೇಳಲು ಬಾಯಿ ತೆರೆದಿದ್ದಳು.

"ಹಾಗಾದ್ರೆ ಅವಳಮ್ಮಂಗೂ ಗುರುತು ಸಿಗಲ್ವಾ?" ಎಂದಿತು ಮುಂದಿನ ಸೀಟು.

ಅದು ಗುಬ್ಬಿ, ವ್ಯಾನಿಗೆಲ್ಲ ಚಿಕ್ಕವಳು. ಅವಳಮ್ಮ ದೂರದ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಎಂದೋ ಒಮ್ಮೆ ಹಳದಿ ಕೊಡೆ ಹಿಡಿದು ಬರುತ್ತಾಳೆ. ಮಗು ಅಜ್ಜಿಯ ಜೊತೆಗಿದೆ. ಅದರ ತುಟಿ ನಡುಗುವುದನ್ನು ಕಂಡು ಅತ್ತೆ ಕಥೆಯನ್ನೇ ತಿರುಗಿಸಿದಳು.

"ಇಲ್ಲ ಕಣೇ. ಅವತ್ತು ಹಕ್ಕಿ ಬರಲೇ ಇಲ್ಲ. ನೆರಳಿಗೆ ಏನೂ ಆಗ್ಲಿಲ್ಲ."

ಗುಬ್ಬಿ ಕಣ್ಣೊರೆಸಿಕೊಂಡಳು. ಆದರೆ ಹಿಂದಿನ ಸೀಟಿನಿಂದ ವಕೀಲ ಎದ್ದ. ಎಲ್ಲದಕ್ಕೂ ಮೂಗು ತೂರಿಸಿ ವಾದ ಹೂಡುವ ಹುಡುಗನಿಗೆ ಅತ್ತೆಯೇ ಇಟ್ಟ ಹೆಸರು ಅದು.

"ಬರಲೇ ಇಲ್ಲ ಅಂದ್ರೆ? ರೂಲ್ಸ್ ಮಾಡಿದ್ದು ನೀವೇ ಅಲ್ವಾ ಅತ್ತೆ?"

"ಮಂತ್ರದ ಕಥೆ ಕಣಯ್ಯ. ಅಲ್ಲಿ ಏನು ಬೇಕಾದ್ರೂ ಆಗುತ್ತೆ."

"ಮೋಡದ ಮೇಲೆ ಊರಿದ್ರೂ ನಾನು ಒಪ್ತೀನಿ. ಆದ್ರೆ ನಿಂತ್ರೂ ಏನೂ ಆಗಲ್ಲ ಅಂದ್ರೆ ಆ ರೂಲ್ಸ್ ಯಾಕೆ? ಸುಮ್ನೆ ಹೆದರಿಸೋಕಾ?"

ವಕೀಲ ಸೀಟಿನ ಮೇಲೆಯೇ ಹತ್ತಿ ನಿಂತು, ತನ್ನ ನೆರಳನ್ನು ಬೆರಳು ಮಾಡಿ ತೋರಿಸಿದ. "ನೋಡ್ರೋ, ಇದೆ!"

ಮಾರನೆಯ ದಿನದಿಂದ ಬಾಲ ಬಿಚ್ಚದ ಮಗುವೇ ಇಲ್ಲ. ಒಂದು ನಿಂತರೆ ಇನ್ನೊಂದು ಕುಣಿಯಿತು. ಯಾರ ನೆರಳೂ ಹೋಗಲಿಲ್ಲ, ಯಾರೂ ಬೀಳಲೂ ಇಲ್ಲ. ಅತ್ತೆ ಮಾತ್ರ ಪ್ರತಿ ತಿರುವಿನಲ್ಲೂ ಒಂದು ಕೈಯಲ್ಲಿ ಆ ಹಗ್ಗ ಹಿಡಿದು ಕೂರುತ್ತಿದ್ದಳು. "ನಿಮ್ಮ ದಮ್ಮಯ್ಯ, ಕೂತ್ಕೊಳ್ರೋ" ಎಂದರೆ "ಹಕ್ಕಿ ಬರುತ್ತಾ ಅತ್ತೆ?" ಎಂದು ಒಂದೇ ನಗು.

ಆಮೇಲೊಂದು ದಿನ ಇಬ್ಬರು ಹುಡುಗರ ಜಗಳ ಬಿಡಿಸಲು ಹಗ್ಗ ಬಿಟ್ಟು ಹಿಂದಕ್ಕೆ ಹೋದಳು. ಅಷ್ಟೇ.

"ಅಮ್ಮ!"

ರಸ್ತೆಯಾಚೆ ಹಳದಿ ಕೊಡೆಯೊಂದು ನಡೆದು ಹೋಗುತ್ತಿತ್ತು. ಗುಬ್ಬಿ ಎದ್ದು ಬಾಗಿಲಿಗೆ ಹಾರಿ, ಎರಡೂ ಕೈಯಲ್ಲಿ ಹಿಡಿಕೆ ಜಗ್ಗಿದಳು. ಹಗ್ಗದ ಗಂಟು ಜಾರಿತು. ಬಾಗಿಲು ಸರ್ರನೆ ಹಿಂದಕ್ಕೆ ಸರಿದು, ಓಡುವ ರಸ್ತೆ ಕಣ್ಣೆದುರಿಗೇ ಬಂತು. ಮಗುವಿನ ಒಂದು ಕಾಲು ಆಗಲೇ ಹೊರಗಿತ್ತು. ಅತ್ತೆ ಹೇಗೆ ಅಲ್ಲಿಗೆ ಬಂದಳೋ ಅವಳಿಗೇ ತಿಳಿಯದು. ಬಲಗೈ ಹೊರಚಾಚಿ ಗುಬ್ಬಿಯ ಸೊಂಟ ಬಳಸಿ ಒಳಕ್ಕೆಳೆದುಕೊಂಡಳು. ಅದೇ ಹೊತ್ತಿಗೆ ತಮ್ಮ ತಿರುಗಿ ನೋಡಿ, ಗಾಬರಿಯಿಂದ ಬ್ರೇಕ್ ಒತ್ತಿದ. ಹಿಂದೆ ಸರಿದಿದ್ದ ಬಾಗಿಲು ರಭಸದಿಂದ ಮುಂದಕ್ಕೆ ಬಂತು. ಮಗು ಒಳಗಿತ್ತು. ಅತ್ತೆಯ ಕೈ ಇನ್ನೂ ಬಾಗಿಲ ಸಂದಿಯಲ್ಲಿತ್ತು.

ಮೂಳೆ ಮುರಿದ ಸದ್ದು ಹಿಂದಿನ ಸೀಟಿಗೂ ಕೇಳಿಸಿತು. ಕೊಡೆಯವಳು ತಿರುಗಿ ನೋಡಿದಳು. ಯಾರೋ ಬೇರೆ ಹೆಂಗಸು.

ಲಾಕ್ ವಿಷಯವನ್ನು ಅತ್ತೆಯೇ ಶಾಲೆಗೆ ಹೇಳಿದಳು. ತಮ್ಮ ಮುಖ ಸಣ್ಣದು ಮಾಡಿಕೊಂಡು ಬೈಗುಳ ತಿಂದ. ಇನ್ನೊಂದು ತಪ್ಪಾದರೆ ಮನೆಗೆ ಎಂದರು. ಅವತ್ತೇ ಹೊಸ ಲಾಕ್ ಹಾಕಿಸಿದ.

ಕೈಗೆ ಪಟ್ಟಿ ಸುತ್ತಿ, ಎದೆಗೆ ಕಟ್ಟಿಕೊಂಡು ಅತ್ತೆ ಮತ್ತೆ ವ್ಯಾನ್ ಹತ್ತಿದಾಗ ಮಕ್ಕಳೆಲ್ಲ ಸೀಟಿಗೆ ಅಂಟಿ ಕೂತಿದ್ದವು. ಸುಮಾರು ದೂರ ಹೋದ ಮೇಲೆ ವಕೀಲ ಮೆಲ್ಲಗೆ ಕೇಳಿದ. "ಅತ್ತೆ, ಕಥೆ ಮುಂದೇನಾಯ್ತು?"

"ಹಕ್ಕಿ ಬಂತು."

"ಕಮ್ಮಾರನ ಮಗಳ ನೆರಳು ಹೋಯ್ತಾ?"

"ಅವಳದಲ್ಲ. ಅದೇ ಬಂಡಿಯಲ್ಲಿ ಒಬ್ಬಳು ಮುದುಕಿ ಇದ್ಲು. ಅವಳದು ಹೋಯ್ತು."

"ಮೋಸ! ಅವಳು ನಿಂತೇ ಇರಲಿಲ್ಲ!"

"ನಿಂತಿರಲಿಲ್ಲ. ನಿಂತವರನ್ನ ನೋಡಿಯೂ ಏನೂ ಆಗಲ್ಲ ಅಂದಿದ್ಲು. ಹಕ್ಕಿಗೆ ಯಾರದಾದ್ರೂ ಒಂದು ನೆರಳು ಬೇಕೇ ಬೇಕು ಕಣಪ್ಪ."

ವ್ಯಾನ್ ಓಡಿಸುತ್ತಿದ್ದ ತಮ್ಮ ಎದುರಿನ ಕನ್ನಡಿಯಲ್ಲಿ ಅಕ್ಕನನ್ನು ನೋಡಿ ಕಣ್ಣು ತಗ್ಗಿಸಿದ.

ಗುಬ್ಬಿಯ ಮನೆಯ ತಿರುವು ಬಂತು. ಅಜ್ಜಿ ಇನ್ನೂ ಬಂದಿರಲಿಲ್ಲ. ಅತ್ತೆ ಮೊದಲು ಇಳಿದು, ಎಡಗೈ ಕೊಟ್ಟು ಮಗುವನ್ನು ಇಳಿಸಿಕೊಂಡಳು. ಗುಬ್ಬಿ ಅವಳ ಮುಖ ನೋಡಲಿಲ್ಲ, ನೆಲ ನೋಡಿದಳು. ಇಳಿಬಿಸಿಲಿಗೆ ಅತ್ತೆಯ ನೆರಳು ರಸ್ತೆಯುದ್ದಕ್ಕೂ ಬಿದ್ದಿತ್ತು. ಎದೆಗೆ ಕಟ್ಟಿದ ಕೈ ಅದರಲ್ಲಿ ಮೂಡಿರಲಿಲ್ಲ.

"ಅತ್ತೆ, ಒಂದು ಕೈ ಹೋಗಿದೆ. ನಿಮ್ಮನೇಲಿ ಗುರುತು ಸಿಗುತ್ತಾ?"

ಅದೇ ತುಟಿ, ಅದೇ ನಡುಕ. 'ಏನೂ ಆಗಲ್ಲ ಕಣೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಅದನ್ನು ನುಂಗಿಕೊಂಡಳು. ನುಂಗುವುದು ಕೈನೋವಿಗಿಂತ ಕಷ್ಟವಾಯಿತು.

"ಕಷ್ಟ ಕಣೇ," ಎಂದಳು.

ಗುಬ್ಬಿ ಅಳಲಿಲ್ಲ. ಸುತ್ತಿ ಬಂದು ಅತ್ತೆಯ ಬಲಮಗ್ಗುಲಿಗೆ ಅಂಟಿಕೊಂಡು, ತನ್ನ ಪುಟ್ಟ ಕೈಯನ್ನು ಹೊರಕ್ಕೆ ಚಾಚಿ ನಿಂತಳು. ನೆರಳಿಗೆ ಇನ್ನೊಂದು ಕೈ ಬಂತು, ಸ್ವಲ್ಪ ಗಿಡ್ಡ.

"ಅಜ್ಜಿ ಬರೋವರೆಗೂ ಹೀಗೇ ಇರ್ತೀನಿ," ಎಂದಳು.